ಹಾಯಿದೋಣಿಗೆ ಸೋಲಾರೋ ಜನರೇಟರೋ: ಎರಡನ್ನೂ ಇಟ್ಟುಕೊಂಡವಳ ಮಾತು

ರಾತ್ರಿಯಿಡೀ ಎಸಿ ಹಾಕಿಕೊಂಡೇ ಮಲಗಬೇಕು ಅನ್ನುವವರು ಇದನ್ನು ಓದುವುದೇ ಬೇಡ. ಸೀದಾ ಹೋಗಿ ಬೋಟಿನೊಳಗೆ ಕೂರಿಸುವ ಡೀಸೆಲ್ ಜನರೇಟರ್ ವಿಚಾರಿಸಿ. ಫ್ರಿಜ್, ದೀಪ, ಫ್ಯಾನು, ಫೋನು ನಡೆದರೆ ಸಾಕು ಅನ್ನುವವರು ಬನ್ನಿ, ಕೂತು ಮಾತಾಡೋಣ.

ನಮ್ಮದು 34 ಅಡಿಯ ಹಳೇ ಹಾಯಿದೋಣಿ. ಇರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯಲ್ಲಿ. ನಾನು ಹೊನ್ನಾವರದವಳು, ನೀರು ಹೊಸದಲ್ಲ. ನಮ್ಮವರು ಮೈಸೂರಿನವರು, ಅವರಿಗೆ ಸೆಕೆ ಆಗಲ್ಲ. ಸೋಲಾರೋ ಜನರೇಟರೋ ಅನ್ನುವ ನಮ್ಮಿಬ್ಬರ ಜಗಳದ ಬೇರು ಅಲ್ಲೇ ಇದೆ. ಮರೀನಾದಲ್ಲಿ ಕಟ್ಟಿದರೆ ದಡದ ಕರೆಂಟ್ ಸಿಗುತ್ತದೆ, ಯಾವ ತಲೆನೋವೂ ಇಲ್ಲ. ಆದರೆ ವೈ ನದಿಯ ಒಳಗೆ ಹೋಗಿ, ಮರಗಳ ನಡುವಿನ ಯಾವುದೋ ಮೂಲೆಯಲ್ಲಿ ಲಂಗರು ಹಾಕಿ ನಾಲ್ಕು ದಿನ ಇರುವುದರಲ್ಲೇ ಮಜಾ. ಅಲ್ಲಿ ಬ್ಯಾಟರಿ ಬಿಟ್ಟರೆ ಗತಿಯಿಲ್ಲ.

ಏನನ್ನೇ ಕೊಳ್ಳುವ ಮೊದಲು ಖರ್ಚಿನ ಲೆಕ್ಕ ಬರೆಯಿರಿ. ನಮ್ಮ ಬೋಟಿನಲ್ಲಿ 12 ವೋಲ್ಟ್ ಫ್ರಿಜ್ ಒಂದೇ ದಿನಕ್ಕೆ 50ರಿಂದ 60 ಆಂಪ್ ಅವರ್ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್) ತಿನ್ನುತ್ತದೆ. ಎಲ್‌ಇಡಿ ದೀಪ, ಫ್ಯಾನು, ನೀರಿನ ಪಂಪು, ಫೋನು, ಲ್ಯಾಪ್‌ಟಾಪ್ ಎಲ್ಲ ಸೇರಿದರೂ ಅದರ ಅರ್ಧ. ಎಲ್ಲರೂ ಹೆದರುವುದು ಮಿಕ್ಸಿಗೆ. ಇನ್ವರ್ಟರ್ ಮೇಲೆ 550 ವ್ಯಾಟ್ ಮಿಕ್ಸಿ ಹಾಕಿದರೆ ಬ್ಯಾಟರಿಯಿಂದ 50 ಆಂಪ್ ಎಳೆಯುತ್ತದೆ, ನಿಜ. ಮೀಟರ್ ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಚಟ್ನಿಗೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಎರಡು ಆಂಪ್ ಅವರ್ ಕೂಡ ಆಗುವುದಿಲ್ಲ. ತೆಂಗಿನಕಾಯಿ ಚಟ್ನಿ ಧಾರಾಳವಾಗಿ ಮಾಡಿಕೊಳ್ಳಿ. ಫ್ರಿಜ್ಜಿನ ಬಾಗಿಲನ್ನು ಸುಮ್ನೆ ತೆಗೆದು ನಿಲ್ಲಬೇಡಿ, ಅಷ್ಟೇ.

ಮೊದಲು ಬಂದದ್ದು ಜನರೇಟರ್. ಹೋಂಡಾ ಇಯು2200ಐ. ಕೈಯಲ್ಲಿ ಹಿಡಿದು ಎತ್ತುವಂಥದ್ದು, 21 ಕೆಜಿ ಚಿಲ್ಲರೆ. ಗರಿಷ್ಠ 2200 ವ್ಯಾಟ್, ಎಡೆಬಿಡದೆ ಕೊಡುವುದು 1800. ಯಂತ್ರ ಅಂತ ನೋಡಿದರೆ ಬೆರಳು ತೋರಿಸುವ ಹಾಗಿಲ್ಲ. ಮನೆ ಅಂಗಳದಲ್ಲಿ ಒಂದೆರಡು ಸಲ ಹಗ್ಗ ಎಳೆದರೆ ಶುರು. ಶಬ್ದವೂ ಅದರ ಜಾತಿಯಲ್ಲಿ ಕಡಿಮೆಯೇ. ಆದರೆ ಅದು ಬೋಟಿಗೆಂದು ಮಾಡಿದ್ದಲ್ಲ. ಫೈಬರ್ ಡೆಕ್ ಮೇಲಿಟ್ಟರೆ ಇಡೀ ಬೋಟು ಗುಂಯ್ ಅನ್ನುತ್ತದೆ. ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದೆವು, ಸ್ವಲ್ಪ ತಗ್ಗಿತು. ಬೇಸಿಗೆಗೆ ಬಂದಿದ್ದ ನಮ್ಮತ್ತೆ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಹೇಳಿದರು, "ಕರೆಂಟ್ ಹೋದಾಗ ನಮ್ಮ ದೇವರಾಜ ಅರಸು ರಸ್ತೆಯಲ್ಲಿ ಹೀಗೇ ಇರುತ್ತೆ ಕಣಮ್ಮ. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?"

ಶಬ್ದಕ್ಕಿಂತ ನನಗೆ ಚಿಂತೆ ಹೊಗೆಯದು. ಲಂಗರು ಹಾಕಿದ ಬೋಟು ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಜನರೇಟರನ್ನು ಹಿಂಬದಿಯಲ್ಲಿಟ್ಟರೆ ಹೊಗೆ ಹಿಂದಕ್ಕೆ ಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಆದರೆ ಕೂರುವ ಜಾಗದ ಮೇಲಿನ ಕ್ಯಾನ್ವಾಸ್ ಚಾವಣಿಯ ಹಿಂದೆ ಗಾಳಿ ಸುಳಿ ಸುತ್ತಿ ಹೊಗೆಯನ್ನು ಮತ್ತೆ ಒಳಗೇ ಎಳೆಯುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಈಗಿನ ಮಾಡೆಲ್‌ಗಳಲ್ಲಿ ಆ ಅನಿಲ ಜಾಸ್ತಿಯಾದರೆ ತಾನೇ ನಿಲ್ಲುವ ಸೆನ್ಸರ್ ಇದೆ. ಒಳ್ಳೆಯದೇ. ಆದರೆ ಸೆನ್ಸರ್ ಇರುವುದು ಯಂತ್ರದ ಹತ್ತಿರ, ನಿಮ್ಮ ಮಕ್ಕಳು ಮಲಗಿರುವ ಕ್ಯಾಬಿನ್ನಿನಲ್ಲಿ ಅಲ್ಲ. ಒಳಗೆ ಬೇರೆ ಅಲಾರಂ ಇರಲೇಬೇಕು.

ಇನ್ನು ಪೆಟ್ರೋಲ್. ನಮ್ಮ ಬೋಟಿನ ಎಂಜಿನ್ ಡೀಸೆಲ್ಲಿನದು. ಜನರೇಟರಿಗಾಗಿ ಪೆಟ್ರೋಲ್ ಕ್ಯಾನ್ ಹೊರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಇಲ್ಲಿಯ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ. 10 ಎಥೆನಾಲ್ ಬೆರೆತ ಪೆಟ್ರೋಲ್. ಚಳಿಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟರೆ ಯಾವ ಕಂಪನಿಯ ಕಾರ್ಬೊರೇಟರ್ ಆದರೂ ಕಟ್ಟಿಕೊಳ್ಳುತ್ತದೆ. ಎಥೆನಾಲ್ ಇಲ್ಲದ್ದನ್ನು ಹುಡುಕಿ ತರಬೇಕು, ಅದಕ್ಕೆ ರೇಟು ಬೇರೆ.

ಹೋಗಲಿ, ಬೇಗನಾದರೂ ಚಾರ್ಜ್ ಆಗುತ್ತದಾ? ಯಾರೂ ಹೇಳದ ವಿಷಯ ಇದೇ. ಜನರೇಟರ್ 1800 ವ್ಯಾಟ್ ಕೊಟ್ಟರೂ ನಮ್ಮ ಬೋಟಿನ ಚಾರ್ಜರ್ 40 ಆಂಪಿನದು, 600 ವ್ಯಾಟ್ ಮುಟ್ಟುವುದೂ ಕಷ್ಟ. ಬ್ಯಾಟರಿ ಎಜಿಎಂ, ಅಂದರೆ ಸೀಸದ್ದೇ. ಅದು ಅರ್ಧದಿಂದ ಶೇ. 80ರವರೆಗೆ ಗಬಗಬ ಕುಡಿಯುತ್ತದೆ. ಅಲ್ಲಿಂದ ಮುಂದೆ ಹಠಮಾರಿ ಮಗುವಿನ ಊಟ, ಗಂಟೆಗಟ್ಟಲೆ ಕೂತು ಉಣಿಸಬೇಕು. ಆ ಕೊನೆಯ ಶೇ. 20ಕ್ಕಾಗಿ ಜನರೇಟರ್ ಓಡಿಸುವುದು ದಂಡ. ಹಾಗಂತ ತುಂಬದೇ ಬಿಟ್ಟರೆ ಸೀಸದ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಲಿಥಿಯಂ ಬ್ಯಾಟರಿ, ಜೊತೆಗೆ ದೊಡ್ಡ ಚಾರ್ಜರ್ ಇದ್ದವರಿಗೆ ಈ ದೂರು ಇಲ್ಲ, ಅವರಿಗೆ ಒಂದೆರಡು ಗಂಟೆಯ ಜನರೇಟರ್ ಸಾರ್ಥಕ.

ಆ ಕೊನೆಯ ಹನಿಗಳನ್ನು ತುಂಬುವುದರಲ್ಲಿ ಸೋಲಾರನ್ನು ಮೀರಿಸಿದ್ದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಯಾರ ಹಂಗೂ ಇಲ್ಲದೆ ತುಂಬುತ್ತಾ ಕೂರುತ್ತದೆ. ನಾವು ಹಾಕಿಸಿದ್ದು 200 ವ್ಯಾಟಿನ ಎರಡು ಗಟ್ಟಿ ಪ್ಯಾನೆಲ್, ಬೋಟಿನ ಹಿಂಬದಿಯಲ್ಲಿ ಸ್ಟೀಲ್ ಕಮಾನಿನ ಮೇಲೆ. ಪ್ಯಾನೆಲ್ ಅಗ್ಗ, ಕಮಾನು ದುಬಾರಿ. ಎರಡು ಪ್ಯಾನೆಲ್‌ಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ವೆಲ್ಡಿಂಗಿಗೆ ಹೋಯಿತು. ಮಾಡಿಕೊಟ್ಟವರು ಹೇಳಿದ ತಾರೀಖಿಗೆ ಕೊಡಲೂ ಇಲ್ಲ, ಜೂನ್ ಪೂರ್ತಿ ಕಾಯಿಸಿದರು. ಇದನ್ನು ಬಜೆಟ್ಟಿನಲ್ಲಿ ಮೊದಲೇ ಬರೆದುಕೊಳ್ಳಿ.

ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದ ಮಾಡಿ ಕೊಡುವ ಚಾರ್ಜ್ ಕಂಟ್ರೋಲರ್ ವಿಕ್ಟ್ರಾನ್ ಕಂಪನಿಯ ಎಂಪಿಪಿಟಿ 75/15. ಪ್ಯಾನೆಲ್‌ಗೊಂದರಂತೆ ಎರಡು ಹಾಕಿದ್ದೇನೆ. ಯಾಕೆಂದರೆ ಹಾಯಿದೋಣಿಯಲ್ಲಿ ಸೋಲಾರಿನ ಶತ್ರು ಮೋಡಕ್ಕಿಂತ ನೆರಳು. ಪ್ಯಾನೆಲ್ಲಿನೊಳಗಿನ ಸೆಲ್‌ಗಳು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗಿರುತ್ತವೆ, ನಾಲ್ಕೈದರ ಮೇಲೆ ನೆರಳು ಬಿದ್ದರೆ ಇಡೀ ಸಾಲು ಸುಮ್ಮನಾಗುತ್ತದೆ. ಮಧ್ಯಾಹ್ನ ಫೋನಿನ ಆ್ಯಪ್‌ನಲ್ಲಿ ಎಡಗಡೆಯದು 150 ವ್ಯಾಟ್ ತೋರಿಸುತ್ತಿರುತ್ತದೆ. ಬೋಟು ಗಾಳಿಗೆ ತಿರುಗಿ, ಹಾಯಿಯ ಬುಡದ ಅಡ್ಡಕಂಬ ಇದೆಯಲ್ಲ, ಆ ಬೂಮಿನ ನೆರಳು ಅಂಗೈ ಅಗಲ ಬಿತ್ತೋ, ಸೀದಾ 60. ಬಲಗಡೆಯದು ಮಾತ್ರ ತನ್ನ ಪಾಡಿಗೆ 150ರಲ್ಲೇ ಇರುತ್ತದೆ. ಲಂಗರು ಹಾಕಿದ ಕೂಡಲೇ ಬೂಮನ್ನು ಹಗ್ಗದಿಂದ ಒಂದು ಪಕ್ಕಕ್ಕೆ ಎಳೆದು ಕಟ್ಟಿಬಿಡಿ. ಪೈಸೆ ಖರ್ಚಿಲ್ಲದ ಉಪಾಯ.

200 ಅಂತ ಬರೆದಿರುವ ಪ್ಯಾನೆಲ್ 150 ಕೊಟ್ಟರೆ ಮೋಸ ಅಂತ ಬೈಯಬೇಡಿ. ಆ ಅಂಕಿ ಸೆಲ್ 25 ಡಿಗ್ರಿ ಇದ್ದಾಗಿನದು. ಜುಲೈ ಬಿಸಿಲಿಗೆ ಸೆಲ್ ಅದರ ಎರಡರಷ್ಟು ಕಾದಿರುತ್ತದೆ, ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. ಪ್ಯಾನೆಲ್ ಅಡಿಯಲ್ಲಿ ಗಾಳಿ ಆಡುವಂತಿರಬೇಕು. ಕ್ಯಾನ್ವಾಸಿಗೆ ಅಂಟಿಸುವ ತೆಳು ಪ್ಯಾನೆಲ್ ನಾನು ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ.

ಒಳ್ಳೆಯ ಬೇಸಿಗೆ ದಿನದಲ್ಲಿ ಎರಡೂ ಸೇರಿ ಒಂದೂವರೆ ಯೂನಿಟ್ ಆಸುಪಾಸು ಬರುತ್ತದೆ, ಅಂದರೆ 120 ಆಂಪ್ ಅವರ್. ನಮ್ಮ ಖರ್ಚು ಕಳೆದು ಮಿಗುತ್ತದೆ. ಮೂರು ದಿನ ಮಳೆ ಹಿಡಿದರೆ? ಆಗ ಬೋಟಿನ ಡೀಸೆಲ್ ಎಂಜಿನ್ನನ್ನೇ ಒಂದು ಗಂಟೆ ಓಡಿಸುತ್ತೇವೆ, ಅದರ ಆಲ್ಟರ್ನೇಟರ್ ಬ್ಯಾಟರಿ ತುಂಬುತ್ತದೆ. ಜನರೇಟರ್ ಒಂದು ಆಗಲೇ ಬೋಟಿನಲ್ಲಿದೆ ಅಂದ ಹಾಗಾಯಿತು ಅಲ್ವಾ? ಚೆಸಪೀಕಿನಂಥ ಒಳನೀರಿಗೆ ಇಷ್ಟು ಸಾಕು. ವಾರಗಟ್ಟಲೆ ಮೋಡ ಕವಿಯುವ ಕಡೆ ಹೋಗುವವರ ಲೆಕ್ಕ ಬೇರೆ.

ನಿರ್ವಹಣೆ ಅಂದರೆ ಆಸ್ಪ್ರೇ ಹದ್ದಿನ ಹಿಕ್ಕೆ. ಮೀನು ತಿನ್ನುವ ಈ ಹದ್ದುಗಳಿಗೆ ನಮ್ಮ ಕಮಾನು ಬಲು ಪ್ರೀತಿ. ಒಣಗುವ ಮೊದಲೇ ಸಿಹಿನೀರು ಹಾಕಿ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಅದೂ ನೆರಳೇ.

ನನ್ನ ಅಂಕ: ಸೋಲಾರಿಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದಿದ್ದು ಕಮಾನಿನ ಖರ್ಚಿಗೆ. ಜನರೇಟರಿಗೆ ಬೋಟಿನಲ್ಲಿ ಎರಡು, ಮನೆಯಲ್ಲಿ ಐದು. ಅದೀಗ ಗ್ಯಾರೇಜಿನಲ್ಲಿದೆ, ಗುಡುಗು ಮಳೆಗೆ ಕರೆಂಟ್ ಹೋದಾಗ ಬಾಗಿಲಾಚೆ ದೂರದಲ್ಲಿಟ್ಟು ಓಡಿಸುತ್ತೇವೆ. ನಮ್ಮವರು ಮಾತ್ರ ಆಸೆ ಬಿಟ್ಟಿಲ್ಲ. ಕಾಲು ಭಾಗ ಲೋಡಿನಲ್ಲಿ, ಅಂದರೆ 450 ವ್ಯಾಟಿನ ಹತ್ತಿರ, ಒಂದು ಟ್ಯಾಂಕಿಗೆ ಎಂಟು ಗಂಟೆ ಓಡುತ್ತದೆ, ಚಿಕ್ಕ ಕಿಟಕಿ ಎಸಿಗೆ ಅಷ್ಟೇ ತಾನೇ ಬೇಕು ಅನ್ನುತ್ತಾರೆ. ಲೆಕ್ಕ ಸರಿಯೇ. ನಾವೆಲ್ಲ ನಿದ್ದೆ ಮಾಡುವಾಗ ಡೆಕ್ ಮೇಲೆ ಅದು ಓಡುವುದಕ್ಕೆ ಮಾತ್ರ ನಾನು ಒಪ್ಪಿಲ್ಲ. ಇನ್ನೊಂದು ಫ್ಯಾನ್ ಹಾಕಿಸಿಕೊಟ್ಟಿದ್ದೇನೆ.