ಮಳೆಯಲ್ಲಿ ಕಡಲ ಗಾಳಿ ನೋಡಲು ಯಾವುದು ವಾಸಿ: ಆಸ್ಕ್ಯಾಟಾ, ಓಷನ್‌ಸ್ಯಾಟಾ?

ಜೂನ್ ಬಂದರೆ ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೊಡಗಲ್ಲಿ ಮಳೆ ಹಿಡೀತಾ, ಕಟ್ಟೆಗೆ ನೀರು ಬಂತಾ? ಆ ಮಳೆ ತರುವುದು ಅರಬ್ಬೀ ಸಮುದ್ರದ ಗಾಳಿ. ಅದಕ್ಕೇ ಮುಂಗಾರು ಶುರುವಾದ ಮೇಲೆ ನಾನು ಎರಡು ಗಾಳಿ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತೇನೆ. ಒಂದು ಯುರೋಪಿನ ಮೆಟಾಪ್ ಉಪಗ್ರಹದಲ್ಲಿರುವ, ಗಾಳಿ ಅಳೆಯುವ ರೇಡಾರ್ ಆಸ್ಕ್ಯಾಟ್‌ದು. ಇನ್ನೊಂದು 2022ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರದ್ದು. ಮಳೆ ಇಲ್ಲದ ಕಡೆ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಮಳೆ ಇರುವ ಕಡೆ ಹಾಗಲ್ಲ.

ಎರಡೂ ಮೇಲಿಂದ ರೇಡಾರ್ ಅಲೆ ಬಿಟ್ಟು, ಗಾಳಿ ಸಮುದ್ರದ ಮೇಲೆ ಎಬ್ಬಿಸಿದ ಕಿರು ಅಲೆಗಳಿಗೆ ತಾಗಿ ಎಷ್ಟು ವಾಪಸ್ ಬರುತ್ತದೆ ಎಂದು ಅಳೆದು, ಅದರಿಂದ ಗಾಳಿಯ ವೇಗ, ದಿಕ್ಕು ಲೆಕ್ಕ ಹಾಕುತ್ತವೆ. ಆಸ್ಕ್ಯಾಟ್‌ದು ಸಿ ಬ್ಯಾಂಡ್, ಅಲೆಯ ಉದ್ದ ಸುಮಾರು 5.7 ಸೆಂ.ಮೀ. ಓಷನ್‌ಸ್ಯಾಟ್‌ದು ಕೆಯು ಬ್ಯಾಂಡ್, ಸುಮಾರು 2.2 ಸೆಂ.ಮೀ. ರೇಡಾರ್ ಅಲೆ ಚಿಕ್ಕದಾದಷ್ಟೂ ಮಳೆಹನಿಯ ಕಾಟ ಜಾಸ್ತಿ.

ಕಾಟ ಒಂದೇ ಥರದ್ದಲ್ಲ. ಗಾಳಿಯಲ್ಲಿರುವ ಹನಿಗಳು ರೇಡಾರ್ ಅಲೆಯನ್ನು ಮಂಕು ಮಾಡುತ್ತವೆ, ಜೊತೆಗೆ ಒಂದಿಷ್ಟನ್ನು ಸಮುದ್ರ ಮುಟ್ಟುವ ಮೊದಲೇ ವಾಪಸ್ ಕಳಿಸುತ್ತವೆ. ಕೆಳಗೆ ಬಿದ್ದ ಹನಿ ನೀರಿನ ಮೇಲೆ ಉಂಗುರ ಎಬ್ಬಿಸುತ್ತದೆ. ಮೈಸೂರಿನವರಾದರೆ ಮಳೆ ಬರುವಾಗ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ನೋಡಿ, ಗಾಳಿ ಇಲ್ಲದಿದ್ದರೂ ನೀರು ಒರಟಾಗಿ ಕಾಣುತ್ತದೆ ಅಲ್ವಾ? ರೇಡಾರ್‌ಗೂ ಹಾಗೇ ಕಾಣುವುದು. ಹಾಗಾಗಿ ಮೆಲ್ಲನೆ ಗಾಳಿ ಇರುವಲ್ಲಿ ಓಷನ್‌ಸ್ಯಾಟ್ ಜೋರು ಗಾಳಿ ತೋರಿಸಿಬಿಡುತ್ತದೆ, ಚಂಡಮಾರುತದ ನಡುವೆ ದಪ್ಪ ಮಳೆ ಇದ್ದರೆ ಉಲ್ಟಾ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದಿಕ್ಕಿನ ಬಾಣಗಳೂ ಸುತ್ತಲಿನವಕ್ಕೆ ಹೊಂದದೆ, ಉಪಗ್ರಹದ ದಾರಿಗೆ ಅಡ್ಡಡ್ಡ ತಿರುಗಿ ನಿಲ್ಲುತ್ತವೆ. ಇನ್ಸಾಟ್‌ನ ಮೋಡದ ಚಿತ್ರ ಪಕ್ಕದಲ್ಲಿಟ್ಟರೆ ಅಂಥ ಬಾಣಗಳ ಮೇಲೆ ಸರಿಯಾಗಿ ಬಿಳಿ ಮುದ್ದೆ ಕೂತಿರುತ್ತದೆ.

ಆಸ್ಕ್ಯಾಟ್‌ಗೆ ಮಳೆ ತಾಗುವುದೇ ಇಲ್ಲ ಅಂತಲ್ಲ, ತಾಗುವುದು ತೀರಾ ಕಡಿಮೆ. ಮಳೆಯ ಅಂಚಲ್ಲಿ ಅದು ಬಾಣಗಳನ್ನು ಚೆಲ್ಲಾಪಿಲ್ಲಿ ತೋರಿಸಿದರೆ ಸುಮ್ನೆ ತಪ್ಪು ಅಂದುಕೊಳ್ಳಬೇಡಿ. ಮಳೆಯ ಜೊತೆ ಮೋಡದಿಂದ ತಣ್ಣನೆ ಗಾಳಿ ಕೆಳಗೆ ನುಗ್ಗಿ ನಾಲ್ಕೂ ಕಡೆ ಹರಡುತ್ತದೆ. ಅದು ನಿಜವಾದ ಗಾಳಿ. ನನಗೆ ಆಸ್ಕ್ಯಾಟ್ ಹಿಡಿಸಿದ್ದೇ ಇದಕ್ಕೆ.

ಆದರೆ ಅದರ ಕೊರತೆ ದೊಡ್ಡದು. ಅದು ನೋಡುವುದು ಉಪಗ್ರಹದ ದಾರಿಯ ಎರಡು ಪಕ್ಕಕ್ಕೂ ಸುಮಾರು 550 ಕಿ.ಮೀ. ಅಗಲದ ಪಟ್ಟಿ, ನಡುವೆ ಸುಮಾರು 700 ಕಿ.ಮೀ. ಖಾಲಿ. ಲಕ್ಷದ್ವೀಪದ ಹತ್ತಿರ ಏನೋ ಸುಳಿ ಕಟ್ಟುತ್ತಿದೆ ಅನ್ನುವ ದಿನವೇ ಅದು ಆ ಖಾಲಿಗೆ ಬಿದ್ದರೆ ಹೊಟ್ಟೆ ಉರಿಯುತ್ತದೆ. ಓಷನ್‌ಸ್ಯಾಟ್‌ಗೆ ಆ ತೊಂದರೆ ಇಲ್ಲ, ಸಾವಿರ ಕಿ.ಮೀ.ಗೂ ಮೀರಿದ ಒಂದೇ ಪಟ್ಟಿ. ಇನ್ನೊಂದು ವಿಷಯ: ಮೆಟಾಪ್ ಬೆಳಿಗ್ಗೆ 9.30ರ ಸುಮಾರಿಗೆ ಹಾದುಹೋಗುತ್ತದೆ, ಓಷನ್‌ಸ್ಯಾಟ್ ಮಧ್ಯಾಹ್ನ 12ರ ಸುಮಾರಿಗೆ. ಅಷ್ಟರಲ್ಲಿ ಮಳೆ ಮೋಡ ಸರಿದಿರುತ್ತದೆ. ಬಾಣಕ್ಕೆ ಬಾಣ ತಾಳೆ ನೋಡುವುದು ನ್ಯಾಯವಲ್ಲ.

ಹಾಗಾಗಿ ಮಳೆ ಬೀಳುವ ಜಾಗದ ಗಾಳಿಗೆ ಆಸ್ಕ್ಯಾಟ್, ಅರಬ್ಬೀ ಸಮುದ್ರದ ಒಟ್ಟು ಹರಿವಿಗೆ ಓಷನ್‌ಸ್ಯಾಟ್. ಆಸ್ಕ್ಯಾಟ್ ಖಾಲಿ ಬಿಟ್ಟ ಜಾಗದಲ್ಲಿ ಓಷನ್‌ಸ್ಯಾಟ್‌ನ ಮಳೆ ಗುರುತು (ಇಲ್ಲಿ ಮಳೆಯ ಕಾಟ ಇರಬಹುದು ಎಂದು ನಕ್ಷೆಯಲ್ಲೇ ಹಾಕಿರುವ ಗುರುತು) ಬೀಳದ ಬಾಣಗಳನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ಗಾಳಿ ಜೋರಿದ್ದು ಮಳೆ ಹಗುರ ಇದ್ದರೆ ಮಾತ್ರ ಗುರುತು ಬಿದ್ದವನ್ನೂ ಒಮ್ಮೆ ನೋಡಬಹುದು, ಆಗ ಗಾಳಿಯ ಅಲೆಗಳೇ ಮೇಲುಗೈ ಆಗಿರುತ್ತವೆ.