ಪುಂಡಿಪಲ್ಯ ಮಾಡಲು ಯಾವ ಅಲ್ಯೂಮಿನಿಯಂ ಪಾತ್ರೆ?

ಸಾದಾ ಅಲ್ಯೂಮಿನಿಯಂ, ನಾನ್‌ಸ್ಟಿಕ್, ಹಾರ್ಡ್ ಆನೊಡೈಸ್ಡ್ ಮೂರನ್ನೂ ಬಳಸಿದ ಮೇಲೆ ನಮ್ಮ ಮನೆಯಲ್ಲಿ ಹುಳಿಯ ಅಡುಗೆಗೆ ಈಗ ಆನೊಡೈಸ್ಡ್ ಕಡಾಯಿಯೊಂದೇ ಒಲೆಯೇರುತ್ತದೆ.

ಇದಕ್ಕೆ ಕಾರಣವಾದದ್ದು ಪುಂಡಿ ಎಂಬ ಹುಳಿಸೊಪ್ಪಿನ ಪಲ್ಯ. ಕಲಬುರಗಿಯ ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿ ಕಾಯಿಸಿ ನಮ್ಮ ಜರ್ಮನ್, ಅಂದರೆ ಸಾದಾ ಅಲ್ಯೂಮಿನಿಯಂ, ಬೋಗುಣಿಯ ಒಳಭಾಗ ಕಪ್ಪಾಗಿತ್ತು. ಒಂದು ರಾತ್ರಿ ಉಳಿದ ಪಲ್ಯವನ್ನು ಅದರಲ್ಲೇ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ, ಪಲ್ಯ ತಾಗಿದ್ದಷ್ಟು ಭಾಗ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಯಾರೂ ತಿಕ್ಕದೆ ಹೋದ ಆ ಕಪ್ಪು ಪಲ್ಯವನ್ನಲ್ಲದೆ ಇನ್ನೆಲ್ಲಿಗೆ ಸೇರಿರಬೇಕು?

ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಮೂಡಿ ಲೋಹವನ್ನು ಕಾಯುತ್ತದೆ. ಹುಳಿಯೂ ಉಪ್ಪೂ ಬಹಳ ಹೊತ್ತು ನಿಂತರೆ ಆ ಪದರ ಕರಗಿ, ಲೋಹ ಅಡುಗೆಗೆ ಇಳಿಯುತ್ತದೆ. ಆರೋಗ್ಯವಂತರ ದೇಹ ಇದರಲ್ಲಿ ಬಹುಪಾಲನ್ನು ಹೀರಿಕೊಳ್ಳುವುದೇ ಇಲ್ಲ, ಹೀರಿದ್ದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಆದರೆ ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ತೊಂದರೆಯಿದೆ, ಅಂಥವರಲ್ಲಿ ಅದು ದೇಹದಲ್ಲೇ ಉಳಿಯುತ್ತದೆ ಎಂಬುದು ನನಗೆ ಸಣ್ಣ ಮಾತಲ್ಲ.

ನಾನ್‌ಸ್ಟಿಕ್ ಲೇಪನ ಹುಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡಲು ತೊಡಗುತ್ತದೆ, ನಾನೋ ಹಿಂಡಿಗಾಗಿ (ಚಟ್ನಿಪುಡಿಗಾಗಿ) ಶೇಂಗಾವನ್ನು ಬರಿಯ ಕಡಾಯಿಯಲ್ಲಿ ದೊಡ್ಡ ಉರಿಯ ಮೇಲೆ ಹುರಿಯುವವಳು. ವರ್ಷ ತುಂಬುವ ಮೊದಲೇ ಕಬ್ಬಿಣದ ಸೌಟಿಗೆ ಲೇಪನ ಗೀರಿಹೋಯಿತು.

ಆನೊಡೈಸ್ಡ್ ಪಾತ್ರೆಯ ಮೇಲಿರುವುದು ಬಳಿದ ಬಣ್ಣವಲ್ಲ. ಆಮ್ಲದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಲೋಹದ ಸ್ವಂತ ಆಕ್ಸೈಡ್ ಪದರವೇ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಯುತ್ತದೆ, ಆದ್ದರಿಂದ ಅದು ಸಿಪ್ಪೆಯಂತೆ ಏಳುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಇದಕ್ಕೆ 1,450 ರೂಪಾಯಿ ಕೊಟ್ಟೆ; ಬೋಗುಣಿಯ ಬೆಲೆಗೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ವಾಷಿಂಗ್ ಸೋಡಾ, ಬೂದಿ ಇದಕ್ಕೆ ಆಗದು, ಕ್ಷಾರ ಈ ಪದರವನ್ನೂ ತಿನ್ನುತ್ತದೆ. ಇಷ್ಟಾಗಿಯೂ ಪಲ್ಯ ಬೆಂದೊಡನೆ ಸ್ಟೀಲ್ ಡಬ್ಬಿಗೆ ತೆಗೆದಿಡುತ್ತೇನೆ.

ಬೋಗುಣಿಯನ್ನು ಎಸೆದಿಲ್ಲ. ಹುಳಿಯಿಲ್ಲದ ಹಾಲು ಕಾಯಿಸಲು ಅದೇ ಸಾಕು.