ಮಸಾಯ್ ಮಾರಾನಾ, ಪಂಟನಾಲಾ?

ದೊಡ್ಡ ಬೆಕ್ಕುಗಳ ಫೋಟೊ ತೆಗೆಯಲು ಒಂದೇ ಟ್ರಿಪ್‌ಗೆ ದುಡ್ಡಿದೆ ಅಂದುಕೊಳ್ಳಿ. ಕೀನ್ಯಾದ ಮಸಾಯ್ ಮಾರಾದಲ್ಲಿ ಸಿಂಹ, ಚಿರತೆ, ಚೀತಾ ಮೂರೂ ಇವೆ. ಬ್ರೆಜಿಲ್‌ನ ಜೌಗು ಪ್ರದೇಶ ಪಂಟನಾಲ್‌ಗೆ ಜನ ಹೋಗುವುದು ಮುಖ್ಯವಾಗಿ ಜಾಗ್ವಾರ್‌ಗಾಗಿ. ಲೆಕ್ಕದಲ್ಲಿ ಮಾರಾನೇ ಜಾಸ್ತಿ, ಅಲ್ವಾ?

ಆದರೆ ಕ್ಯಾಮೆರಾ ಎಲ್ಲಿರುತ್ತದೆ ಅನ್ನುವುದನ್ನೂ ನೋಡಿ. ಜೀಪಿನ ತೆರೆದ ಚಾವಣಿಯಿಂದ ತೆಗೆದರೆ ಸಿಂಹವೂ ಕುಳ್ಳಗೆ ಕಾಣುತ್ತದೆ. ಕಿಟಕಿಗೆ ಇಳಿದು ಬೀನ್‌ಬ್ಯಾಗ್ (ಕಾಳು ತುಂಬಿದ ಸಣ್ಣ ಚೀಲ) ಮೇಲೆ ಲೆನ್ಸ್ ಇಡಿ, ಇಂಜಿನ್ ಆಫ್ ಮಾಡಿಸಿ. ಪಂಟನಾಲ್‌ನ ಪೋರ್ಟೊ ಜೋಫ್ರೆಯಲ್ಲಿ ಸವಾರಿ ದೋಣಿಯಲ್ಲಿ. ನೀವು ನೀರಿನ ಮಟ್ಟದಲ್ಲೇ ಕೂತಿರುತ್ತೀರಿ. ದಡದ ಮರಳಿನ ಮೇಲೆ ಜಾಗ್ವಾರ್ ತಲೆ ತಗ್ಗಿಸಿ, ಕೇಮನ್ ಮೊಸಳೆ ಹುಡುಕುತ್ತಾ ಬಂದರೆ ಅದರ ಕಣ್ಣು ಲೆನ್ಸಿಗೆ ನೇರ. ಆದರೆ ದೋಣಿ ಓಲಾಡುತ್ತದೆ. ಟ್ರೈಪಾಡ್ ಸುಮ್ನೆ ಹೊರೆ. ಷಟರ್ ವೇಗವನ್ನು 1/1000 ಸೆಕೆಂಡಿಗಿಂತ ಇಳಿಸದಿದ್ದರೆ ಒಳ್ಳೆಯದು.

ಜುಲೈನಿಂದ ಅಕ್ಟೋಬರ್ ಎರಡಕ್ಕೂ ಒಳ್ಳೆಯ ಕಾಲ. ಜನರ ಗದ್ದಲವೂ ಎರಡೂ ಕಡೆ ಅದೇ ಸಮಯದಲ್ಲಿ. ಮಾರಾ ಆಯ್ದರೆ ಪಕ್ಕದ ಕನ್ಸರ್ವೆನ್ಸಿಗಳ (ಖಾಸಗಿ ಸಂರಕ್ಷಿತ ಪ್ರದೇಶಗಳ) ಟೂರ್ ಕೇಳಿ, ಅಲ್ಲಿ ಗಾಡಿಗಳು ಕಡಿಮೆ. ಮೊದಲ ಸಲವಾದರೆ ನನ್ನ ಓಟು ಮಾರಾಕ್ಕೆ. ಸಿಂಹದ ಫೋಟೊಗಳು ಆಗಲೇ ರಾಶಿ ಬಿದ್ದಿವೆಯಾ? ದೋಣಿ ಹತ್ತಿ.